ಬಾಡಿ, ಬೇನೆ, ಬೆದರಿಕೆ

ನಮ್ಮ ಹಳ್ಳಿಯ ಹೆಣ್ಣುಮಕ್ಕಳು ‘ಬಾಡಿ’ ಎಂದು ಕರೆಯುವ ಬ್ರಾದ ಬಗ್ಗೆ ಬರೆಯುತ್ತೇವೆ ಅಂದಾಗ ನಮ್ಮ ಗೆಳೆಯರಲ್ಲೇ ಕೆಲವರು ಮುಸಿಮುಸಿ ನಕ್ಕರು. ಭೂಮಿ, ಕೂಲಿ, ಮೀಸಲಾತಿ ಎಂದರೆ ರಾತ್ರಿಯಿಡೀ ಮಾತಾಡುವ ನಾವು ಹೆಣ್ಣಿನ ಮೈಯ ಮಾತು ಬಂದ ಕೂಡಲೇ ಅಗ್ರಹಾರದವರಿಗಿಂತ ಮಡಿವಂತರಾಗಿಬಿಡುತ್ತೇವೆ. ಇರಲಿ. ಮೊದಲು ಒಂದು ಪುಸ್ತಕದ ವಿಚಾರ.

1995ರಲ್ಲಿ ಅಮೆರಿಕದ ಸಿಡ್ನಿ ರಾಸ್ ಸಿಂಗರ್, ಸೋಮಾ ಗ್ರಿಸ್‌ಮೈಜರ್ ಎಂಬ ದಂಪತಿಗಳು ‘ಡ್ರೆಸ್ಡ್ ಟು ಕಿಲ್’ ಎಂಬ ಪುಸ್ತಕ ತಂದರು. ಬ್ರಾ ಎದೆಯನ್ನು ಬಿಗಿಯುತ್ತದೆ, ಬಿಗಿದರೆ ದುಗ್ಧರಸ ಹರಿಯುವುದಿಲ್ಲ, ಮೈಯ ವಿಷವೆಲ್ಲ ಅಲ್ಲೇ ನಿಂತು ಕ್ಯಾನ್ಸರ್ ಆಗುತ್ತದೆ. ಇಷ್ಟೇ ಅವರ ವಾದ. ಮೂವತ್ತು ವರ್ಷ ಕಳೆದರೂ ಈ ವಾದ ಸತ್ತಿಲ್ಲ. ಆರೋಗ್ಯ ಅಂಕಣಗಳಲ್ಲಿ, ಮೊಬೈಲಿನಲ್ಲಿ ಬರುವ ಸಂದೇಶಗಳಲ್ಲಿ ಮತ್ತೆ ಮತ್ತೆ ಎದ್ದು ಬರುತ್ತದೆ.

ಇವರು ಸಾವಿರಾರು ಹೆಂಗಸರನ್ನು ‘ದಿನಕ್ಕೆ ಎಷ್ಟು ಗಂಟೆ ತೊಡುತ್ತೀರಿ’ ಎಂದು ಕೇಳಿದರು. ಸರಿ. ಆದರೆ ಮೊದಲ ಹೆರಿಗೆ ಯಾವ ವಯಸ್ಸಿನಲ್ಲಾಯಿತು, ಮೈತೂಕ ಎಷ್ಟು, ತಾಯಿಗೋ ಅಕ್ಕನಿಗೋ ಈ ರೋಗವಿತ್ತೇ ಎಂಬುದನ್ನು ಲೆಕ್ಕದಿಂದ ಬೇರ್ಪಡಿಸಿ ನೋಡಲಿಲ್ಲ. ಸ್ತನ ಕ್ಯಾನ್ಸರಿನ ಅಪಾಯ ಏರುವುದು ಇವುಗಳಿಂದ ಎಂದು ವೈದ್ಯಲೋಕಕ್ಕೆ ಗೊತ್ತಿತ್ತು. ಮುಟ್ಟು ನಿಂತ ಮೇಲೆ ಮೈತೂಕ ಹೆಚ್ಚಿದ್ದರೆ ಅಪಾಯವೂ ಹೆಚ್ಚು. ಅಂಥ ಹೆಂಗಸು ಬ್ರಾ ಹೆಚ್ಚು ಹೊತ್ತು ತೊಡುವುದೂ ಸಹಜ. ಕೊಡೆ ಹಿಡಿದವರು ಹೆಚ್ಚಾದ ದಿನವೇ ಹೊಳೆ ಉಕ್ಕಿತು, ಆದ್ದರಿಂದ ಪ್ರವಾಹಕ್ಕೆ ಕೊಡೆಯೇ ಕಾರಣ ಅಂದಹಾಗಾಯಿತು ಇದು!

2014ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಸಿಯಾಟಲ್‌ನ ಫ್ರೆಡ್ ಹಚಿನ್ಸನ್ ಕ್ಯಾನ್ಸರ್ ಕೇಂದ್ರದವರು 55ರಿಂದ 74 ವಯಸ್ಸಿನ ಹೆಂಗಸರನ್ನು ಕೂರಿಸಿ ಕೇಳಿದರು. ಕ್ಯಾನ್ಸರ್ ಆದವರು 1,044 ಮಂದಿ, ಆಗದವರು 469. ಎಷ್ಟನೇ ವಯಸ್ಸಿಗೆ ತೊಡಲು ಶುರುಮಾಡಿದಿರಿ, ದಿನಕ್ಕೆ ಎಷ್ಟು ಹೊತ್ತು, ತಂತಿಯಿರುವುದೋ ಇಲ್ಲದ್ದೋ, ಅಳತೆ ಏನು, ಎಲ್ಲವನ್ನೂ ಕೇಳಿದರು. ಯಾವುದಕ್ಕೂ ರೋಗಕ್ಕೂ ಸಂಬಂಧ ಕಾಣಲಿಲ್ಲ. ಅವರಲ್ಲಿ ಬಹುತೇಕ ಎಲ್ಲರೂ ತೊಟ್ಟವರೇ ಎಂಬ ಕೊರತೆ ಆ ಅಧ್ಯಯನಕ್ಕೂ ಇದೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಬಿಗಿತವೇ ವಿಷವಾಗಿದ್ದರೆ ಹೆಚ್ಚು ಹೊತ್ತು ಬಿಗಿದುಕೊಂಡವರಲ್ಲಾದರೂ ಅದು ಕಾಣಬೇಕಿತ್ತಲ್ಲ?

ನಮಗೆ ಸಿಟ್ಟು ಬರುವುದು ಈ ಪುಸ್ತಕದ ಇನ್ನೊಂದು ಮಾತಿಗೆ. ಬ್ರಾ ತೊಡದ ಜನಗಳಲ್ಲಿ ಈ ಕ್ಯಾನ್ಸರ್ ಕಡಿಮೆಯಂತೆ! ಅಲ್ಲ ಸ್ವಾಮಿ, ಆ ಜನಗಳ ಸಾವನ್ನು ಎಣಿಸಿದವರು ಯಾರು? ಬೆಂಗಳೂರಿನ ಕ್ಯಾನ್ಸರ್ ನೋಂದಣಿ ಕಿದ್ವಾಯಿ ಆಸ್ಪತ್ರೆಯಲ್ಲಿ 1982ರಲ್ಲಿ ಶುರುವಾಯಿತು, ಅದೂ ನಗರದ ಲೆಕ್ಕ. ‘ಎದೆ ನೋವು ಅಂತಿದ್ಲು, ಹೋಗ್ಬಿಟ್ಲು’ ಎಂದು ಊರವರು ಮಣ್ಣು ಮಾಡಿ ಬಂದ ಕೂಲಿ ಹೆಂಗಸು ಯಾವ ವಹಿಯಲ್ಲಿದ್ದಾಳೆ? ಎಣಿಕೆಗೆ ಸಿಗದ ಬಡವರನ್ನು ರೋಗವೇ ಇಲ್ಲದ ಪುಣ್ಯವಂತರೆಂದು ತೋರಿಸುವುದು ಹಳೆಯ ಚಾಳಿ. 2022ರ ಅಂತರರಾಷ್ಟ್ರೀಯ ಅಂದಾಜಿನ ಪ್ರಕಾರ ಭಾರತದಲ್ಲಿ ಆ ಒಂದು ವರ್ಷ ಸುಮಾರು 1.92 ಲಕ್ಷ ಹೆಂಗಸರಿಗೆ ಸ್ತನ ಕ್ಯಾನ್ಸರ್ ಬಂತು, ಸುಮಾರು 98 ಸಾವಿರ ಮಂದಿ ಅದರಿಂದ ಸತ್ತರು. ಗಂಟು ಸಿಕ್ಕರೂ ಗಂಡನಿಗೆ ಹೇಳಲು ನಾಚಿಕೆ, ಗಂಡು ಡಾಕ್ಟರಿಗೆ ತೋರಿಸಲು ನಾಚಿಕೆ, ಪಟ್ಟಣಕ್ಕೆ ಹೋದರೆ ಎರಡು ದಿನದ ಕೂಲಿ ಹೋಗುತ್ತದೆಂಬ ಲೆಕ್ಕ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ರೋಗ ಬಲಿತಿರುತ್ತದೆ. ಇಂಥವಳ ಮುಂದೆ ಬಾಡಿಯ ಕೊಕ್ಕೆಯನ್ನು ಅಪರಾಧಿ ಮಾಡಿ ನಿಲ್ಲಿಸುವುದು ಯಾರನ್ನು ಉಳಿಸುವುದಕ್ಕೆ?

ಎದುರು ಪಾಳೆಯದ ಬೆದರಿಕೆಯೂ ಇದೇ ಜಾತಿಯದು. ತೊಡದಿದ್ದರೆ ಎದೆ ಜೋತುಬೀಳುತ್ತದೆ ಎನ್ನುತ್ತಾರೆ. 1914ರಲ್ಲಿ ಮೇರಿ ಫೆಲ್ಪ್ಸ್ ಜೇಕಬ್ ಎಂಬಾಕೆ ಅಮೆರಿಕದಲ್ಲಿ ಇದಕ್ಕೆ ಪೇಟೆಂಟ್ ಪಡೆದು, ಆಮೇಲೆ ಒಂದು ಕಂಪನಿಗೆ ಮಾರಿದಳು. ಅಲ್ಲಿಂದ ಈಚೆಗೆ ಮಾರುವವರಿಗೆ ಈ ಭಯವೇ ಬಂಡವಾಳ. ಮೊಲೆಯೊಳಗೆ ಅದನ್ನು ಎತ್ತಿಹಿಡಿಯುವ ಸ್ನಾಯು ಇಲ್ಲ, ಚರ್ಮವೂ ನಾರಿನಂಥ ಎಳೆಗಳೂ ಅದನ್ನು ಹಿಡಿದಿರುತ್ತವೆ. ವಯಸ್ಸು, ಬಸಿರುಗಳ ಸಂಖ್ಯೆ, ಮೈತೂಕ, ಹೊಗೆ ಸೇದುವುದು, ಇವುಗಳಿಂದ ಅವು ಸಡಿಲವಾಗುತ್ತವೆ. 2013ರಲ್ಲಿ ಫ್ರಾನ್ಸಿನ ರೂಯೋಂ ಎಂಬ ವೈದ್ಯ ಮುನ್ನೂರು ಚಿಲ್ಲರೆ ಎಳೆಯ ಹೆಂಗಸರನ್ನು ವರ್ಷಗಟ್ಟಲೆ ಅಳೆದು, ಬ್ರಾದಿಂದ ಎದೆಗೆ ಲಾಭ ಕಾಣಲಿಲ್ಲ ಅಂದ. ಇದು ಎಲ್ಲ ಹೆಂಗಸರಿಗೂ ಅನ್ವಯಿಸುವ ಮಾತಲ್ಲ ಎಂದೂ ಅವನೇ ಹೇಳಿದ. ಪತ್ರಿಕೆಗಳಿಗೆ ಮೊದಲ ಅರ್ಧ ಸಾಕಾಯಿತು.

ಎದೆ ಭಾರವಿದ್ದು ಓಡುವವಳಿಗೆ, ಕುಣಿಯುವವಳಿಗೆ, ತಲೆಯ ಮೇಲೆ ಇಟ್ಟಿಗೆ ಹೊತ್ತು ಮೆಟ್ಟಿಲೇರುವವಳಿಗೆ ಆಸರೆ ಬೇಕು, ಅದರಿಂದ ನೋವು ಕಡಿಮೆಯಾಗುತ್ತದೆ. ಹಗುರ ಮೈಯವಳಿಗೆ ರವಿಕೆಯೇ ಸಾಕಾಗಬಹುದು. ಬಾಣಂತಿಗೆ ಬಿಗಿಯಾದರೆ ಹಾಲು ಕಟ್ಟಿಕೊಂಡು ಬಾವು ಬರುವುದುಂಟು. ಚಪ್ಪಲಿ ಕಾಲಿಗೆ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ ಏನು ಹೇಳುತ್ತೀರಿ? ಯಾರ ಕಾಲು, ಯಾವ ದಾರಿ, ಎಷ್ಟು ಅಳತೆ ಎಂದು ಕೇಳುತ್ತೀರಿ. ಮೇಲುಕೇರಿಯಲ್ಲಿ ಚಪ್ಪಲಿ ಮೆಟ್ಟಬಾರದೆಂದು ನಮ್ಮ ಹಿರಿಯರಿಗೆ ಕಟ್ಟಳೆ ಹಾಕಿದವರು ಯಾರು ಎಂದೂ ಕೇಳಬೇಕಾಗುತ್ತದೆ.

ಎದೆಬಟ್ಟೆಗೂ ಅಂಥ ಕಟ್ಟಳೆಯಿತ್ತು. ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಮೇಲುವಸ್ತ್ರ ಹೊದೆಯಬಾರದೆಂದು 1829ರಲ್ಲಿ ರಾಜಾಜ್ಞೆಯಾಯಿತು. ಹೊದ್ದವರ ಬಟ್ಟೆಯನ್ನು ಬೀದಿಯಲ್ಲಿ ಹರಿದರು. ದಶಕಗಳ ಹೋರಾಟದ ನಂತರ 1859ರಲ್ಲಿ ಎದೆ ಮುಚ್ಚಲು ಅನುಮತಿ ಸಿಕ್ಕಿತು, ಅದೂ ಮೇಲ್ಜಾತಿಯ ಹೆಂಗಸರಂತೆ ಹೊದೆಯಕೂಡದು ಎಂಬ ಷರತ್ತಿನ ಮೇಲೆ! 1927ರ ಡಿಸೆಂಬರಿನಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ನಮ್ಮ ಹೆಂಗಸರಿಗೆ ಸೀರೆಯನ್ನು ಮೇಲ್ಜಾತಿಯವರಂತೆಯೇ ಉಡಿ ಎಂದು ಹೇಳಿದ್ದರ ಅರ್ಥ ಇಲ್ಲಿದೆ. ಆದ್ದರಿಂದ ಬ್ರಾ ಕಿತ್ತೆಸೆಯುವುದೇ ಬಿಡುಗಡೆ ಎಂಬ ಪಟ್ಟಣದ ಘೋಷಣೆಯನ್ನು ನಾವು ಹಾಗೆಯೇ ಎತ್ತಿಕೊಳ್ಳಲಾರೆವು. ಹಾಗೆಂದು ಮುಚ್ಚಿದ ಎದೆಯೇ ನಾಗರಿಕತೆ ಎಂಬ ಪಾದ್ರಿಗಳ ಪಾಠವೂ ನಮಗೆ ಬೇಡ. ಉತ್ತರ ಕನ್ನಡದ ಹಾಲಕ್ಕಿ ಹೆಂಗಸರು ರವಿಕೆಯಿಲ್ಲದೆ ಸೀರೆ ಉಟ್ಟು, ಕೊರಳ ತುಂಬ ಮಣಿಸರ ಹಾಕಿ ಬಾಳಿದವರು. ಸಾವಿರಾರು ಸಸಿ ಬೆಳೆಸಿದ ತುಳಸಿ ಗೌಡ 2021ರಲ್ಲಿ ಅದೇ ಉಡುಪಿನಲ್ಲಿ, ಬರಿಗಾಲಲ್ಲಿ ನಡೆದು ಹೋಗಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ಪಡೆದರು.

ನಿಜವಾದ ಕಿರಿಕಿರಿ ಎಲ್ಲಿದೆ ಎಂದು ನಮ್ಮ ಹೆಂಗಸರನ್ನು ಕೇಳಿ. ಸಂತೆಯಲ್ಲಿ ಮಾರುವವನು ಗಂಡಸು. ಅವಳು ತಲೆ ತಗ್ಗಿಸಿ ಒಂದು ನಂಬರು ಹೇಳುತ್ತಾಳೆ, ಸುತ್ತಿ ಕೊಟ್ಟದ್ದನ್ನು ಸೆರಗಿನೊಳಗೆ ಇಟ್ಟುಕೊಂಡು ಬರುತ್ತಾಳೆ. ಅಳೆಯುವುದಿಲ್ಲ, ತೊಟ್ಟು ನೋಡುವುದಿಲ್ಲ. ಭಾರ ಹೊರಬೇಕಾದ್ದು ಎದೆಯ ಕೆಳಗಿನ ಪಟ್ಟಿ. ಅದು ಸಡಿಲವಾಗಿದ್ದರೆ ಭಾರವೆಲ್ಲ ಹೆಗಲ ಪಟ್ಟಿಗೆ ಬಿದ್ದು ಹೆಗಲಲ್ಲಿ ಗೀರು, ಕತ್ತಿನಲ್ಲಿ ನೋವು. ಬಿಸಿಲಲ್ಲಿ ಕಳೆ ಕೀಳುವಾಗ ನೈಲಾನ್ ಬೆವರು ಹೀರುವುದಿಲ್ಲ, ಮೊಲೆಯ ಕೆಳಗೆ ಬೆವರುಸಾಲೆ, ತುರಿ. ಒಗೆದ ಮೇಲಾದರೂ ಬಿಸಿಲು ಕಾಣುತ್ತದೆಯೇ? ಇಲ್ಲ. ಮಾವ, ಮೈದುನ ನೋಡಿಯಾರೆಂದು ಸೀರೆಯ ಅಡಿಯಲ್ಲೋ ಬಚ್ಚಲ ಮೂಲೆಯಲ್ಲೋ ಒಣಗಬೇಕು. ಅರೆ ಒಣಗಿದ್ದನ್ನೇ ಬೆಳಗ್ಗೆ ತೊಡಬೇಕು. ಹುಳುಕಡ್ಡಿ ಬಾರದೆ ಇನ್ನೇನು? ಗಂಡಸರ ಬನಿಯನ್ನು ಅಂಗಳದ ಹಗ್ಗದ ಮೇಲೆ ರಾಜಾರೋಷವಾಗಿ ಹಾರಾಡುತ್ತಿರುತ್ತದೆ.

ನಕ್ಕ ಗೆಳೆಯರಲ್ಲಿ ಇಬ್ಬರು ಮೇಷ್ಟ್ರುಗಳು. ಅವರಿಗೆ ಒಂದು ಮಾತು. 2016ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ 11ರಿಂದ 18 ವಯಸ್ಸಿನ ಎರಡು ಸಾವಿರ ಶಾಲಾ ಹುಡುಗಿಯರನ್ನು ಕೇಳಿದಾಗ, ಹತ್ತಿರಹತ್ತಿರ ಅರ್ಧದಷ್ಟು ಮಂದಿ, ಆಟಕ್ಕಿಳಿಯಲು ಎದೆಯೇ ಅಡ್ಡಿಯಾಗುತ್ತದೆ ಎಂದರು. ನಿಮ್ಮ ಹೈಸ್ಕೂಲಿನ ಖೋ ಖೋ ತಂಡದಿಂದ ಒಂಬತ್ತನೆಯ ತರಗತಿಗೆ ಬಂದ ಕೂಡಲೇ ಬಿಟ್ಟುಹೋದ ಹುಡುಗಿಯರ ಹೆಸರು ನಿಮಗೆ ನೆನಪಿದೆಯೇ? ‘ಹೊಟ್ಟೆನೋವು ಸಾರ್’ ಎಂದು ಹೇಳಿ ಹೋದರಲ್ಲ, ಅವರನ್ನು ನಿಮ್ಮ ಶಾಲೆಯ ಮೇಡಂ ಒಬ್ಬರಾದರೂ ಕರೆದು ಕೇಳಿದರೇ?