ಸೆಕೆಂಡ್ ಹ್ಯಾಂಡ್ ಕಾರು ನೋಡುವ ಬಗೆ: ಬಂಗಾರಪೇಟೆ ಸೀಮೆಯ ರಸಿಕರಿಗೊಂದು ಕೈಪಿಡಿ

ಆವಣಿ ಜಾತ್ರೆಯಲ್ಲಿ ಎತ್ತು ಕೊಳ್ಳಲು ಹೋದ ರೈತ ಮಾರುವವನ ಮಾತಿಗೆ ಹೂಂಗುಟ್ಟುತ್ತಲೇ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಸುಳಿ ನೋಡಿ, ಗೊರಸು ನೋಡಿ, ನಾಲ್ಕು ಹೆಜ್ಜೆ ನಡೆಸಿಯೂ ನೋಡುತ್ತಾನೆ. ಆ ನೋಟದಲ್ಲಿ ಅನುಮಾನಕ್ಕಿಂತ ಆಸಕ್ತಿ ಹೆಚ್ಚು. ಹಳೆಯ ಕಾರಿಗೂ ಅದೇ ಕಣ್ಣು ಬೇಕು. ತಪ್ಪು ಹಿಡಿಯಲೆಂದೇ ಹೋದವರು ಬಾಗಿಲ ಮೇಲೊಂದು ಗೀರು ಕಂಡ ಕೂಡಲೇ ಐದು ಸಾವಿರ ಇಳಿಸಿಕೊಂಡು ಗೆದ್ದೆವೆಂದುಕೊಳ್ಳುತ್ತಾರೆ. ದೊಡ್ಡ ದೋಷ ಕಣ್ತಪ್ಪಿ ಮನೆಗೆ ಬರುತ್ತದೆ. ಈ ಗಾಡಿ ಇಷ್ಟು ವರ್ಷ ಹೇಗೆ ಬಾಳಿತು ಎಂದು ತಿಳಿಯುವ ಕುತೂಹಲದಿಂದ ಹೋದವರಿಗೆ ದೋಷಗಳು ತಾವಾಗಿ ಕಾಣಿಸಿಕೊಳ್ಳುತ್ತವೆ.

ಈ ಕುತೂಹಲಕ್ಕೆ ನಮ್ಮ ಸೀಮೆಯಷ್ಟು ಒಳ್ಳೆಯ ಶಾಲೆ ಇನ್ನೊಂದಿಲ್ಲ. ಮೂರು ರಾಜ್ಯಗಳು ಕೂಡುವ ಜಾಗ ಇದು. ರಾಬರ್ಟ್‌ಸನ್‌ಪೇಟೆಯ ರಸ್ತೆಯಲ್ಲಿ ಕೆಜಿಎಫ್‌ನ ಕೆಎ-08, ಕೋಲಾರದ ಕೆಎ-07, ಕೃಷ್ಣಗಿರಿಯ ಟಿಎನ್-24, ಚಿತ್ತೂರಿನ ಎಪಿ-03 ಎಲ್ಲವೂ ಸಾಲಾಗಿ ನಿಂತಿರುತ್ತವೆ. ಬೆಂಗಳೂರಿನಲ್ಲಿ ಐದಾರು ವರ್ಷ ಓಡಿದ ಗಾಡಿಗಳೂ ಇಲ್ಲಿಗೆ ಬರುತ್ತವೆ. ಅವುಗಳನ್ನು ಕೊಳ್ಳುವ ಬಹಳ ಮನೆಗಳಿಗೆ ಅದೇ ಮೊದಲ ಕಾರು, ವರ್ಷಗಟ್ಟಲೆ ಕೂಡಿಟ್ಟ ಹಣ. ಅದಕ್ಕಾದರೂ ನೋಡಲು ಕಲಿಯಬೇಕು.

ಮೊದಲು ಟಯರು. ಬಣ್ಣ ಹೊಡೆಸಬಹುದು, ಮೀಟರ್ ತಿರುಗಿಸಬಹುದು, ಸೀಟಿಗೆ ಹೊಸ ಕವರ್ ಹಾಕಬಹುದು. ಆದರೆ ನಾಲ್ಕು ಟಯರುಗಳ ಸವೆತದಿಂದ ಒಂದಕ್ಕೊಂದು ತಾಳೆಯಾಗುವಂತೆ ಸುಳ್ಳು ಹೇಳಿಸುವುದು ಕಷ್ಟ. ಟಯರಿನ ಪಕ್ಕದ ಗೋಡೆಯಲ್ಲಿ ಡಿಒಟಿ ಎಂಬ ಅಕ್ಷರಗಳ ಸಾಲನ್ನು ಹುಡುಕಿ. ಅದರ ಕೊನೆಯ ನಾಲ್ಕು ಅಂಕಿಗಳೇ ಟಯರಿನ ಜಾತಕ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಕೆಲವು ಟಯರುಗಳಲ್ಲಿ ಇದು ಒಂದೇ ಬದಿಗಿರುತ್ತದೆ, ಆ ಬದಿ ಒಳಗೆ ತಿರುಗಿರಬಹುದು. ಮೊಬೈಲ್ ಟಾರ್ಚ್ ಹಾಕಿ, ಬಗ್ಗಿ ನೋಡಿ. ಬಟ್ಟೆ ಕೊಳೆಯಾಗುತ್ತದೆಂದು ಹಿಂಜರಿಯುವವರು ಈ ವಿದ್ಯೆ ಕಲಿಯಲಾರರು.

ಐದು ಟಯರುಗಳ ತಾರೀಖನ್ನೂ ಬರೆದುಕೊಳ್ಳಿ. ಐದನೆಯದು ಸ್ಟೆಪ್ನಿ. ಡಿಕ್ಕಿಯಲ್ಲಿ ಮಲಗಿರುವ ಅದು ಎಷ್ಟೋ ಗಾಡಿಗಳಲ್ಲಿ ಕಾರ್ಖಾನೆಯಿಂದ ಬಂದದ್ದೇ ಆಗಿರುತ್ತದೆ. ಅದರ ತಾರೀಖು ಆರ್‌ಸಿಯಲ್ಲಿರುವ ತಯಾರಿಕೆಯ ತಿಂಗಳಿಗಿಂತ ಸ್ವಲ್ಪ ಹಿಂದಿನದಾಗಿದ್ದರೆ ಲೆಕ್ಕ ಸರಿಹೋಗುತ್ತದೆ.

ಈಗ ರಸ ಶುರು. ಗಾಡಿ 2018ರದು, ಮೀಟರಿನಲ್ಲಿ 32 ಸಾವಿರ ಕಿಲೋಮೀಟರ್, ಟಯರುಗಳು 2023ರವು, ಬಟನ್ (ನೆಲಕ್ಕೆ ತಾಗುವ ಕೆತ್ತನೆ) ಅರ್ಧ ಸವೆದಿದೆ ಎಂದಿಟ್ಟುಕೊಳ್ಳಿ. ಸಾಧಾರಣವಾಗಿ ಕಾರಿನ ಟಯರು 40-50 ಸಾವಿರ ಕಿಲೋಮೀಟರ್ ಬಾಳುತ್ತದೆ. ಅರ್ಧ ಸವೆದಿದೆ ಎಂದರೆ ಈ ಜೊತೆಯೇ ಸುಮಾರು 20 ಸಾವಿರ ಓಡಿದೆ. ಹಾಗಾದರೆ ಮೊದಲ ಜೊತೆ ಬರೀ 12 ಸಾವಿರಕ್ಕೆ ಮುಗಿಯಿತೇ? ಮುಗಿದಿರಲೂಬಹುದು, ಗಾಡಿ ವರ್ಷಗಟ್ಟಲೆ ಬಿಸಿಲಿನಲ್ಲಿ ನಿಂತು ರಬ್ಬರ್ ಬಿರಿದಿರಬಹುದು. ಮೀಟರ್ ಹಿಂದಕ್ಕೆ ತಿರುಗಿರಲೂಬಹುದು. ಆಗ ಬ್ರೇಕ್ ಪೆಡಲಿನ ರಬ್ಬರ್ ನೋಡಿ, ಸ್ಟೀರಿಂಗ್ ಮೇಲೆ ಕೈ ಹಿಡಿಯುವ ಜಾಗ ನುಣುಪಾಗಿ ಹೊಳೆಯುತ್ತಿದೆಯೇ ನೋಡಿ, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ಕುಸಿದಿದೆಯೇ ನೋಡಿ. ಪೆಡಲು ಬೋಳಾಗಿದ್ದರೆ 32 ಸಾವಿರದ ಮೇಲೆ ಅನುಮಾನ ಬರಬೇಕು. ಆದರೂ ಒಂದೊಂದು ಗುರುತು ತಾನಾಗಿ ಏನನ್ನೂ ಸಾಬೀತು ಮಾಡುವುದಿಲ್ಲ. ಎಲ್ಲವೂ ಒಂದೇ ಕಥೆ ಹೇಳುತ್ತವೆಯೇ ಎಂದು ತಾಳೆ ನೋಡುವುದರಲ್ಲೇ ಇಡೀ ಕಲೆ ಅಡಗಿದೆ.

ಸವೆತಕ್ಕೂ ಒಂದು ಲಿಪಿ ಇದೆ. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆಯಿಟ್ಟು ಓಡಿಸಿದ್ದಾರೆ. ನಡು ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ, ಇಲ್ಲವೇ ಏಟು ಬಿದ್ದು ಚಕ್ರದ ಕೋನವೇ ಬದಲಾಗಿದೆ. ಒಳ ಅಂಚು ನಿಂತು ನೋಡುವವರಿಗೆ ಕಾಣದು. ಸ್ಟೀರಿಂಗನ್ನು ಪೂರಾ ಒಂದು ಕಡೆ ತಿರುಗಿಸಿ ಮುಂದಿನ ಟಯರಿನ ಹಿಂಭಾಗಕ್ಕೆ ಬಗ್ಗಿ. ಅಂಗೈಯನ್ನು ಬಟನ್ ಮೇಲೆ ಅಡ್ಡಡ್ಡ ಆಡಿಸಿ. ಹೋಗುವಾಗ ನಯ, ಬರುವಾಗ ಗರಗಸದಂತೆ ತಡೆದರೆ ಚಕ್ರಗಳು ನೇರ ಉರುಳುತ್ತಿಲ್ಲ. ಅಲ್ಲಲ್ಲಿ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಕಡೆ ಕಣ್ಣು ಹಾಯಿಸಿ. ಪಕ್ಕದ ಗೋಡೆಯಲ್ಲಿ ಗುಳ್ಳೆಯೆದ್ದಿದ್ದರೆ ಗುಂಡಿಗೆ ಬಡಿದು ಒಳಗಿನ ನೂಲು ಹರಿದಿದೆ. ಆ ಟಯರಿನ ವಿಷಯದಲ್ಲಿ ರಾಜಿ ಬೇಡ, ಅದನ್ನು ಬದಲಿಸಲೇಬೇಕು.

“ಟಯರ್ ಐವತ್ತು ಪರ್ಸೆಂಟ್ ಇದೆ ಸಾರ್” ಎನ್ನುತ್ತಾರೆ ಬ್ರೋಕರುಗಳು. ಹೊಸ ಟಯರಿನ ಬಟನ್ ನಡುವಿನ ತೋಡಿನ ಆಳ ಹೆಚ್ಚೂಕಡಿಮೆ 8 ಮಿಲಿಮೀಟರ್. ಕಾನೂನು ಕಾರಿಗೆ ಒಪ್ಪುವ ಕನಿಷ್ಠ ಆಳ 1.6 ಮಿಲಿಮೀಟರ್. ತೋಡುಗಳ ತಳದಲ್ಲಿ ಆ ಎತ್ತರಕ್ಕೇ ಸಣ್ಣ ದಿಣ್ಣೆಗಳಿರುತ್ತವೆ. ಪಕ್ಕದ ಗೋಡೆಯ ಮೇಲಿನ ತ್ರಿಕೋನ ಅಥವಾ ಟಿಡಬ್ಲ್ಯುಐ ಗುರುತು ಅವುಗಳ ಜಾಗ ತೋರಿಸುತ್ತದೆ. ಹಾಗಾಗಿ 4 ಮಿಲಿಮೀಟರ್ ಉಳಿದಿದ್ದರೆ ಬಳಸಬಹುದಾದ್ದು 2.4 ಮಾತ್ರ, ಅಂದರೆ 6.4ರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಇನ್ನು ಮಿರಮಿರ ಮಿಂಚುವ ಟಯರನ್ನು ಒದ್ದೆ ಬಟ್ಟೆಯಿಂದ ಒರೆಸಿ ನೋಡಿ. ಪಾಲಿಷ್ ಹೋದರೆ ಕೂದಲೆಳೆಯ ಬಿರುಕುಗಳು ಕಾಣಬಹುದು. ಐದು ವರ್ಷ ಕಳೆದ ಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ, ತಯಾರಾಗಿ ಹತ್ತು ವರ್ಷವಾದರೆ ಬಟನ್ ಇದ್ದರೂ ಬದಲಿಸಿ ಎಂಬುದು ಮಿಷೆಲಿನ್ ಕಂಪನಿಯ ಸಲಹೆ. ಹೊಸಕೋಟೆಯಿಂದ ಬೇತಮಂಗಲದ ಕಡೆಗೆ ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ನಮ್ಮ ಕಡೆಯ ಹಳೆಯ ಕಾರುಗಳೂ ನೂರರ ವೇಗ ಮುಟ್ಟುತ್ತಿವೆ. ಊರೊಳಗೆ ನಲವತ್ತರಲ್ಲಿ ಬಾಳಿದ ಮುದಿ ರಬ್ಬರ್ ಆ ವೇಗವನ್ನೂ ಕಾವನ್ನೂ ತಡೆಯುತ್ತದೆಂಬ ಭರವಸೆ ಇಲ್ಲ. ಜೀವದ ಪ್ರಶ್ನೆ ಇದು.

ಬಾಡಿ ನೋಡಲು ಕೆಜಿಎಫ್‌ನಲ್ಲಿ ನಿಮಗೊಂದು ಭಾಗ್ಯವಿದೆ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದರೂ ಅದರ ವರ್ಕ್‌ಶಾಪುಗಳಲ್ಲಿ, ಬುಲ್ಡೋಜರ್ ತಯಾರಿಸುವ ಬೆಮೆಲ್‌ನಲ್ಲಿ ಕೈ ಪಳಗಿಸಿಕೊಂಡ ಫಿಟ್ಟರುಗಳೂ ವೆಲ್ಡರುಗಳೂ ಇಲ್ಲಿನ ಬೀದಿಗಳಲ್ಲಿದ್ದಾರೆ. ಅಂಥವರೊಬ್ಬರನ್ನು “ಅಣ್ಣಾ, ಒಂದು ಗಾಡಿ ನೋಡಬೇಕು, ಬರ್ತೀರಾ” ಎಂದು ಕರೆದುಕೊಂಡು ಹೋಗಿ. ಬಾನೆಟ್ ಎತ್ತಿ, ಎಂಜಿನ್ ಪಕ್ಕದ ಏಪ್ರನ್ ತಗಡಿನ ಮೇಲಿನ ಕಾರ್ಖಾನೆಯ ಸ್ಪಾಟ್ ವೆಲ್ಡ್‌ಗಳು ಸಮನಾದ ಅಂತರದಲ್ಲಿವೆಯೇ, ಕೈಯಿಂದ ಮಾಡಿದ ಬೆಸುಗೆ ಇದೆಯೇ ಎಂದು ಕಣ್ಣಲ್ಲೇ ಹೇಳಿಬಿಡುತ್ತಾರೆ. ನೀವು ಬಾಗಿಲು, ಬಾನೆಟ್‌ಗಳ ಬೋಲ್ಟ್ ನೋಡಿ: ತಲೆಯ ಮೇಲಿನ ಬಣ್ಣ ಎದ್ದಿದ್ದರೆ ಸ್ಪ್ಯಾನರ್ ಆಡಿದೆ. ಕಿಟಕಿ ಗಾಜುಗಳ ಮೂಲೆಯ ಗುರುತು ನೋಡಿ: ಒಂದು ಮಾತ್ರ ಬೇರೆ ಕಂಪನಿಯದಾಗಿದ್ದರೆ ಯಾಕೆ ಬದಲಾಯಿತೆಂದು ಕೇಳಿ. ಬಂಪರ್‌ಗೆ ಬಣ್ಣ ಹೊಡೆಸಿರುವುದು ದೊಡ್ಡ ವಿಷಯವಲ್ಲ. ಪಿಲ್ಲರ್, ಚಾಸಿಗೆ ಏಟು ಬಿದ್ದಿದ್ದರೆ ಬೆಲೆ ಎಷ್ಟೇ ಇಳಿಯಲಿ, ಬಿಟ್ಟುಬಿಡಿ.

ಬೆಂಗಳೂರಿನ ಗಾಡಿಗೆ ಇನ್ನೊಂದು ಪರೀಕ್ಷೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಆ ನಗರದ ಪೂರ್ವ ಭಾಗದ ಎಷ್ಟೋ ಕಾರುಗಳು ನೀರಿನಲ್ಲಿ ಮುಳುಗಿದ್ದವು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಕೆಸರಿನ ಕಲೆ ಇದೆಯೇ ನೋಡಿ. ಸೀಟಿನ ಹಳಿಗಳ ತುಕ್ಕು, ಸ್ಟೆಪ್ನಿ ಗುಣಿಯ ಮಣ್ಣು, ಕಾರ್ಪೆಟ್ ಕೆಳಗಿನ ವಾಸನೆ ಇವನ್ನೆಲ್ಲ ತೊಳೆದು ಪೂರಾ ಅಳಿಸುವುದು ಕಷ್ಟ.

ಎಂಜಿನ್ ತಣ್ಣಗಿದ್ದಾಗಲೇ ನೋಡಬೇಕು. ನೀವು ಹೋಗುವ ಮುಂಚೆಯೇ ಗಾಡಿ ಬಿಸಿಯಾಗಿದ್ದರೆ ಇನ್ನೊಂದು ಬೆಳಿಗ್ಗೆ ಹೋಗಿ. ಹೊಗೆ ನೀಲಿಯಾದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ನಿಲ್ಲದೇ ಬಂದರೆ ಕೂಲೆಂಟ್ ಒಳಗೆ ಸೋರುತ್ತಿರಬಹುದು. ನಮ್ಮ ಜಿಲ್ಲೆಯ ವಿಶೇಷ ರೇಡಿಯೇಟರಿನಲ್ಲಿದೆ. ಕೋಲಾರದ ಬೋರ್‌ವೆಲ್ ನೀರು ಗಡಸು. ಕೂಲೆಂಟ್ ಬದಲು ಅದನ್ನೇ ಸುರಿದು ಓಡಿಸಿದವರುಂಟು. ಎಂಜಿನ್ ತಣ್ಣಗಿರುವಾಗ ಮುಚ್ಚಳ ತೆಗೆಸಿ. ಬಾಯಿಯ ಸುತ್ತ ಬಿಳಿ ಹಕ್ಕಳೆ ಕಟ್ಟಿದ್ದರೆ, ನೀರು ತುಕ್ಕಿನ ಬಣ್ಣಕ್ಕಿದ್ದರೆ, ಆ ಎಂಜಿನ್ ಎಷ್ಟು ಸಲ ಕಾದಿದೆಯೋ!

ಕಾಗದಪತ್ರದ ಕೆಲಸ ಚಿಕ್ಕದು, ಬಿಡುವಂತಿಲ್ಲ. ಚಾಸಿ ನಂಬರ್ ಆರ್‌ಸಿ ಜೊತೆ ಹೊಂದಬೇಕು. ಆ ನಂಬರ್ ಇಟ್ಟುಕೊಂಡು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಹಳೆಯ ಲೆಕ್ಕ ಕೇಳಿನೋಡಿ. ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35, ವರ್ಗಾವಣೆಗೆ ಫಾರಂ 29 ಮತ್ತು 30. ತಮಿಳುನಾಡು, ಆಂಧ್ರದ ಗಾಡಿ ಅಗ್ಗವಾಗಿ ಕಂಡರೆ ಅಲ್ಲಿನ ಆರ್‌ಟಿಒ ಎನ್‌ಒಸಿ, ಇಲ್ಲಿನ ತೆರಿಗೆ ಎರಡನ್ನೂ ಸೇರಿಸಿ ಲೆಕ್ಕ ಹಾಕಿ. ನೋಂದಣಿಯ 15 ವರ್ಷ ಮುಗಿಯುತ್ತ ಬಂದಿದ್ದರೆ ನವೀಕರಣದ ಖರ್ಚೂ ನಿಮ್ಮದೇ.

ಕೊನೆಗೆ ಓಡಿಸಿ. ಬಂಗಾರಪೇಟೆಯಿಂದ ಬೂದಿಕೋಟೆ ಕಡೆಗೆ ಹೋಗಿ. ರೇಡಿಯೋ ಆರಿಸಿ, ಕಿಟಕಿ ಇಳಿಸಿ. ಹಿಂದೆ ಮುಂದೆ ಯಾರೂ ಇಲ್ಲದ ನೇರ ರಸ್ತೆಯಲ್ಲಿ ಸ್ಟೀರಿಂಗ್ ಹಿಡಿತ ಸ್ವಲ್ಪ ಸಡಿಲಿಸಿ, ಗಾಡಿ ಯಾವ ಕಡೆ ಎಳೆಯುತ್ತದೆ ನೋಡಿ. ಟಯರಿನ ಅಂಚು ಹೇಳಿದ್ದೂ ಇದೂ ಹೊಂದಬೇಕು. ಖಾಲಿ ಜಾಗದಲ್ಲಿ ಪೂರಾ ತಿರುವು ತೆಗೆದುಕೊಂಡಾಗ ಕಟಕಟ ಸದ್ದು ಬಂದರೆ ಆಕ್ಸಲ್ ಜಾಯಿಂಟ್ ಮುಗಿಯುತ್ತ ಬಂದಿದೆ. ಹಿಂತಿರುಗಿ ನಿಲ್ಲಿಸಿದ ಮೇಲೆ ಮುಟ್ಟದೆ, ಅಂಗೈಯನ್ನು ಪ್ರತಿ ಚಕ್ರದ ಹತ್ತಿರ ಒಡ್ಡಿ ಕಾವು ನೋಡಿ. ಒಂದೇ ಆಕ್ಸಲಿನ ಎರಡು ಚಕ್ರಗಳಲ್ಲಿ ಒಂದು ಮಾತ್ರ ಸುಡುತ್ತಿದ್ದರೆ ಬ್ರೇಕ್ ಹಿಡಿದಿದೆ ಅಥವಾ ಬೇರಿಂಗ್ ಹೋಗಿದೆ. ಅದರ ಖರ್ಚನ್ನು, ಬದಲಿಸಬೇಕಾದ ಟಯರುಗಳ ಬೆಲೆಯನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಆಮೇಲೆ ರೇಟಿನ ಮಾತಿಗೆ ಕೂರಿ.