ಗೈರುಹಾಜರಿ ಎಂಬ ಕಾಲಂ
(ಸುರಪುರ ಸೀಮೆಯ ಸಾಲಿ ಚರಿತ್ರೆಗಳನ್ನು ಓದುತ್ತ)

ನಮ್ಮ ಕಡೆ ಶಾಲೆಗೆ ಸಾಲಿ ಅಂತಾರೆ. ಯಾದಗಿರಿ, ಶಹಾಪುರ, ಸುರಪುರ ಈ ಮೂರು ತಾಲೂಕಿನ ಸಾಲಿಗಳ ಬಗ್ಗೆ ಬರೆದದ್ದು ಕಡಿಮೆ ಏನಿಲ್ಲ. ಗೆಜೆಟಿಯರಿನಲ್ಲಿ ಶಿಕ್ಷಣದ ಅಧ್ಯಾಯ ಇದೆ. ಸುರಪುರ ಸಂಸ್ಥಾನದ ಚರಿತ್ರೆಗಳಿವೆ. ಹೈದರಾಬಾದ್ ಕರ್ನಾಟಕದ ವಿಮೋಚನೆಯ ಪುಸ್ತಕಗಳು, ಏಕೀಕರಣದ ಪುಸ್ತಕಗಳು ಕಪಾಟು ತುಂಬ ಇವೆ. ಸಾಲಿಗೆ ಐವತ್ತೊ ಎಪ್ಪತ್ತೈದೊ ತುಂಬಿದಾಗ ಹಳೆಯ ವಿದ್ಯಾರ್ಥಿಗಳು ಸೇರಿ ತರುವ ಸ್ಮರಣ ಸಂಚಿಕೆಗಳೂ ಇವೆ. ಇವನ್ನೆಲ್ಲ ಮುಂದಿಟ್ಟುಕೊಂಡು ಓದಿದಾಗ ನಮಗೆ ಕಂಡದ್ದನ್ನು ನೇರವಾಗಿ ಹೇಳುತ್ತೇವೆ. ಇವುಗಳಲ್ಲಿ ಕಟ್ಟಡ ಇದೆ, ದಾನಿಗಳ ಫೋಟೊ ಇದೆ, ಭಾಷೆಯ ಸಂಕಟ ಇದೆ, ಒಳ್ಳೆಯ ಮಾಸ್ತರೂ ಅಲ್ಲಲ್ಲಿ ಇದ್ದಾರೆ. ಸಾಲಿಗೆ ಬಾರದ ಮಗು ಮಾತ್ರ ಇಲ್ಲ. ಈ ಸೀಮೆಯಲ್ಲಿ ಬಂದವರಿಗಿಂತ ಬಾರದವರೇ ಹೆಚ್ಚು. ಹೆಚ್ಚಿನವರನ್ನು ಬಿಟ್ಟು ಬರೆದದ್ದಕ್ಕೆ ಚರಿತ್ರೆ ಅನ್ನೋದು ಹ್ಯಾಂಗ?

ಮೊದಲು ಮೆಡೋಸ್ ಟೇಲರನನ್ನೇ ತೆಗೆದುಕೊಳ್ಳೋಣ. ಸುರಪುರದ ಬಗ್ಗೆ ಯಾರು ಬರೆದರೂ ಟೇಲರನಿಂದಲೇ ಸುರು ಮಾಡುವುದು ಒಂದು ಚಟ. ಬ್ರಿಟಿಷರ ಅಧಿಕಾರಿಯಾಗಿ ಅವನು 1841ರಿಂದ 1853ರವರೆಗೆ ಸುರಪುರದಲ್ಲಿ ಕೂತು ಸಂಸ್ಥಾನ ನೋಡಿಕೊಂಡ. ಬೋನಾಳ ಕೆರೆಯ ಕೆಲಸ ಮಾಡಿಸಿದ, ಗುಡ್ಡದ ಮೇಲೆ ಬಂಗಲೆ ಮಾಡಿಕೊಂಡ. ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಸಾಲಾಗಿ ಇಟ್ಟ ದೊಡ್ಡ ಕಲ್ಲುಗಳನ್ನು, ರಾಜನಕೋಳೂರಿನ ಕಲ್ಗೋರಿಗಳನ್ನು ಅಳೆದು ಬರೆದ. ಅವನು ತೀರಿಕೊಂಡ ಮೇಲೆ 1877ರಲ್ಲಿ ಅಚ್ಚಾದ ಆತ್ಮಕತೆಯಲ್ಲಿ ಸುರಪುರಕ್ಕೆ ದೊಡ್ಡ ಪಾಲಿದೆ. ಆದರೆ ಅದರಲ್ಲಿ ಹುಡುಗನೊಬ್ಬನನ್ನು ಬೆಳೆಸಿ ತಿದ್ದುವ ಚಿಂತೆ ಎಂಬುದೇನಾದರೂ ಇದ್ದರೆ ಅದು ಒಬ್ಬನೇ ಒಬ್ಬ ಹುಡುಗನದು: ಟೇಲರನನ್ನು 'ಅಪ್ಪಾ' ಎಂದು ಕರೆಯುತ್ತಿದ್ದ ಎಳೆಯ ದೊರೆ ವೆಂಕಟಪ್ಪ ನಾಯಕನದು. ಆ ಹುಡುಗ 1858ರಲ್ಲಿ ಬ್ರಿಟಿಷರ ವಿರುದ್ಧ ನಿಂತ, ಸೆರೆಯಾದ, ಅದೇ ವರ್ಷ ಗುಂಡಿಗೆ ಸತ್ತ. 1860ರಲ್ಲಿ ಸುರಪುರವನ್ನು ಬ್ರಿಟಿಷರು ನಿಜಾಮನಿಗೆ ಇನಾಮಿನಂತೆ ಎತ್ತಿ ಕೊಟ್ಟರು.

ಟೇಲರ್ ಕೆಟ್ಟವ ಎನ್ನುವುದು ನಮ್ಮ ಮಾತಲ್ಲ. ಅವನು ತನ್ನ ಕಾಲದ ಸಾಹೇಬ, ಅರಮನೆಯ ಕಿಟಕಿಯಿಂದ ನೋಡಿದ. ನಮ್ಮ ತಕರಾರು ಅವನ ನಂತರ ಬಂದ ನಮ್ಮವರ ಮೇಲೆ. ಕಪಟರಾಳ ಕೃಷ್ಣರಾಯರಂಥ ಶ್ರಮಜೀವಿಗಳು ಸಂಸ್ಥಾನದ ಚರಿತ್ರೆ ಬರೆದರು. ಅವರ ದುಡಿಮೆಗೆ ಶರಣು. ಅವರ ಹಿಂದೆ ಬಂದವರು ಅದೇ ಕಿಟಕಿಯಲ್ಲಿ ಕುರ್ಚಿ ಹಾಕಿಕೊಂಡು ಕೂತರು. ದೊರೆ ಬೇಡ ಜಾತಿಯವನು ಎಂದು ಹೆಮ್ಮೆಪಡುವ ಪುಸ್ತಕಗಳು ಬೇಡರ ಓಣಿಯ ಮಕ್ಕಳ ಪಾಟಿ-ಬಳಪದ ಬಗ್ಗೆ ಒಂದು ಸಾಲು ಬರೆಯುವುದಿಲ್ಲ. ಸಿಂಹಾಸನದ ಮೇಲಿದ್ದ ಜಾತಿಯ ಮಕ್ಕಳಿಗೆ ಪರಿಶಿಷ್ಟ ಪಂಗಡದ ಸರ್ಟಿಫಿಕೇಟು ಬೇಡ, ವಾಲ್ಮೀಕಿ, ನಾಯಕ ಎಂಬ ಹೆಸರುಗಳಲ್ಲಿ ಸಿಕ್ಕಿದ್ದು 1991ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಆ ಓಣಿಯಲ್ಲಿ ಏನಾಯಿತು? ಇನ್ನು ಹೊಲಗೇರಿ, ಮಾದಿಗೇರಿಯ ಮಾತು ಎಲ್ಲಿಂದ ಬರಬೇಕು.

ಆಡಳಿತ ಹ್ಯಾಗೆ ದೂರದೂರ ಸರಿಯಿತು ಎಂಬುದನ್ನೂ ನೋಡಬೇಕು. ನಿಜಾಮನ ಕಾಲದಲ್ಲಿ ಸುರಪುರ, ಶಹಾಪುರ ಲಿಂಗಸುಗೂರು ಜಿಲ್ಲೆಗೆ ಸೇರಿದ್ದವು. 1905ರಲ್ಲಿ ಆ ಜಿಲ್ಲೆಯನ್ನೇ ಒಡೆದು ಈ ಎರಡನ್ನೂ ಗುಲ್ಬರ್ಗಾಕ್ಕೆ ಕಟ್ಟಿದರು. ರೈಲು 1871ರ ಹೊತ್ತಿಗೆ ರಾಯಚೂರು ಮುಟ್ಟಿತ್ತು, ಅದು ಹಾದುಹೋದದ್ದು ಯಾದಗಿರಿಯಿಂದ. ಸುರಪುರದಿಂದ ಯಾದಗಿರಿ ಸ್ಟೇಶನ್ನಿಗೆ ಐವತ್ತು ಕಿಲೋಮೀಟರಿನ ಆಸುಪಾಸು, ನಡುವೆ ಭೀಮಾ ನದಿ. ಸಾಲಿ ತಪಾಸಣೆಯ ಸಾಹೇಬ ಗುಲ್ಬರ್ಗಾದಿಂದ ಹೊರಟು ಕೃಷ್ಣಾ ದಂಡೆಯ ಹಳ್ಳಿ ಮುಟ್ಟುವುದೆಂದರೆ ಎಷ್ಟು ದಿನದ ಹಾದಿ ಎಂದು ಯಾರಾದರೂ ಲೆಕ್ಕ ಹಾಕಬಹುದು. ಸಾಹೇಬ ಬರಲಾರದ ಊರಲ್ಲಿ ಸಾಲಿ ನಡೆಯುವುದು ಗೌಡ-ಕುಲಕರ್ಣಿಯ ಮರ್ಜಿಯ ಮೇಲೆ. ಸಾಲಿ ಕೂಡುವುದು ಗುಡಿಯಲ್ಲಿ, ಮಠದಲ್ಲಿ, ಚಾವಡಿಯಲ್ಲಿ. ಗುಡಿಯ ಕಟ್ಟೆ ಹತ್ತಲಾರದವನು ಗುಡಿಯೊಳಗಿನ ಸಾಲಿಗೆ ಹ್ಯಾಗೆ ಹೋಗಬೇಕು? ಈ ಒಂದು ಸಣ್ಣ ಪ್ರಶ್ನೆಯನ್ನು ನಾವು ಓದಿದ ಯಾವ ಸ್ಮರಣ ಸಂಚಿಕೆಯೂ ಕೇಳಿಲ್ಲ. 'ಮೊದಲು ನಮ್ಮ ಶಾಲೆ ಹನುಮಂತ ದೇವರ ಗುಡಿಯಲ್ಲಿ ನಡೆಯುತ್ತಿತ್ತು' ಎಂಬ ಧಾಟಿಯ ವಾಕ್ಯವನ್ನು ಎಲ್ಲರೂ ಭಕ್ತಿಯಿಂದ ಬರೆಯುತ್ತಾರೆ.

ಈಗ ಉರ್ದುವಿನ ಕತೆಗೆ ಬರುತ್ತೇವೆ. ವಿಮೋಚನೆಯ ಸಾಹಿತ್ಯದ ಜೀವಾಳವೇ ಇದು: ನಿಜಾಮನ ಉರ್ದು ಕನ್ನಡದ ಮಕ್ಕಳ ನಾಲಗೆ ಕತ್ತರಿಸಿತು. ಇದು ಸುಳ್ಳಲ್ಲ. ಆಡಳಿತದ ಭಾಷೆಯಾಗಿ ಪಾರ್ಸಿ ಹೋಗಿ ಉರ್ದು ಬಂತು, ಹೈಸ್ಕೂಲು ಉರ್ದುವಿನಲ್ಲಾಯಿತು, 1918ರಲ್ಲಿ ಸುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವಿನಲ್ಲಾಯಿತು. 1920ರ ದಶಕದಲ್ಲಿ ಖಾಸಗಿ ಸಾಲಿ ತೆರೆಯಬೇಕಾದರೆ ಸರ್ಕಾರದ ಅಪ್ಪಣೆ ಬೇಕು ಎಂಬ ಕಟ್ಟುನಿಟ್ಟು ಬಂದು ಹಳ್ಳಿಯ ಗಾಂವಠಿ ಸಾಲಿಗಳು ಮುಚ್ಚಿದವು. ಮನೆಯಲ್ಲಿ ಕನ್ನಡ ಆಡಿ ಸಾಲಿಯಲ್ಲಿ ಅಲಿಫ್ ಬೇ ತಿದ್ದಿದ ಹುಡುಗನ ಕಷ್ಟ ದೊಡ್ಡದೇ. ಗುಲ್ಬರ್ಗಾದಲ್ಲಿ 1907ರಲ್ಲಿ ನೂತನ ವಿದ್ಯಾಲಯ ಕಟ್ಟಿದವರು, ರಾಯಚೂರಿನಲ್ಲಿ 1920ರಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದ ಪಂಡಿತ ತಾರಾನಾಥರು ಸಣ್ಣ ಕೆಲಸ ಮಾಡಲಿಲ್ಲ.

ಆದರೆ ಈ ಕತೆಯಲ್ಲಿ ಒಂದು ಕಣ್ಕಟ್ಟು ಇದೆ. ಉರ್ದು ಕಲಿಯಬೇಕಾಯಿತು ಎಂದು ಅತ್ತವನು ಸಾಲಿಯ ಒಳಗಿದ್ದವನು. ಅವನ ಸಂಕಟ ನಿಜ. ಸಾಲಿಯ ಹೊರಗಿದ್ದವನಿಗೆ ಒಳಗಿನ ಪಾಠ ಉರ್ದುವಿನಲ್ಲಿದ್ದರೇನು, ಕನ್ನಡದಲ್ಲಿದ್ದರೇನು? ಹೈದರಾಬಾದ್ ರಾಜ್ಯದಲ್ಲಿ 1951ರ ಜನಗಣತಿಯ ಹೊತ್ತಿಗೂ ಅಕ್ಷರ ಬಲ್ಲವರು ನೂರಕ್ಕೆ ಹತ್ತಕ್ಕಿಂತ ಕಡಿಮೆ. ಭಾಷೆಯ ಜಗಳ ನಡೆದದ್ದು ಆ ಹತ್ತರ ಒಳಗೆ. ಉಳಿದ ತೊಂಬತ್ತರ ಮಾತನ್ನು ಆ ಹತ್ತರ ಮಾತಿನಡಿ ಹೂತುಹಾಕಿ ಅದಕ್ಕೆ ನಾಡಿನ ಚರಿತ್ರೆ ಎಂದು ಹೆಸರಿಟ್ಟರು. ದಲಿತರ ದೊಡ್ಡ ನಾಯಕ ಬಿ. ಶ್ಯಾಮಸುಂದರ್ ಓದಿದ್ದು ಅದೇ ಉಸ್ಮಾನಿಯಾದಲ್ಲಿ. 1968ರಲ್ಲಿ ಅವರು ಭೀಮ ಸೇನೆ ಕಟ್ಟಿದ್ದು ಗುಲ್ಬರ್ಗಾದಲ್ಲಿ. ಕನ್ನಡದ ವಿಮೋಚನಾ ಚರಿತ್ರೆಗಳಿಗೆ ಈ ಮನುಷ್ಯನನ್ನು ಎಲ್ಲಿ ಕೂಡಿಸಬೇಕೆಂದೇ ಗೊತ್ತಾಗುವುದಿಲ್ಲ. ಅವರ ಪ್ರಶ್ನೆ ಲಿಪಿಯದಾಗಿರಲಿಲ್ಲ, ಬಾಗಿಲಿನದಾಗಿತ್ತು. 1950ರಲ್ಲಿ ಅದೇ ಹೈದರಾಬಾದ್ ರಾಜ್ಯದ ಇನ್ನೊಂದು ತುದಿಯ ಔರಂಗಾಬಾದಿನಲ್ಲಿ ಬಾಬಾಸಾಹೇಬರ ಸಂಸ್ಥೆ ಕಾಲೇಜು ತೆರೆಯಿತು. ಅದು ಮಿಲಿಂದ ಎಂದು ಹೆಸರಾಯಿತು, ಮರಾಠಿಯ ದಲಿತ ಬರಹಗಾರರ ಒಂದು ಪೀಳಿಗೆಯೇ ಅಲ್ಲಿಂದ ಎದ್ದಿತು. ನಮ್ಮ ಮೂರು ತಾಲೂಕಿಗೆ ಆ ಭಾಗ್ಯ ಬರಲಿಲ್ಲ. 1948ರ ಸೆಪ್ಟೆಂಬರ್ 17 ಬಂತು, 1956ರ ನವೆಂಬರ್ 1 ಬಂತು, ಬೋರ್ಡಿನ ಮೇಲೆ ಕನ್ನಡ ಬಂತು. ಸಾಲಿಯಲ್ಲಿ ಹಿಂದಿನ ಸಾಲೇ ಹಿಂದಿನ ಸಾಲಾಗಿ ಉಳಿಯಿತು.

1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದಾಗ ನಾಡಿಗೆ ನಾಡೇ ಬೆಂಕಿಯಾಯಿತಲ್ಲ. ಆ ಸಿಟ್ಟಿನ ಒಂದು ಚೂರಾದರೂ ಹಳ್ಳಿಯ ಸಾಲಿಯ ಬಾಗಿಲ ಬಗ್ಗೆ ಬಂದಿದ್ದರೆ!

ಹಾಗಂತ ಈ ಸೀಮೆಯ ದುಡಿಯುವ ಜನಕ್ಕೆ ಅಕ್ಷರದ ಗಂಧವೇ ಇರಲಿಲ್ಲ ಎಂಬ ಸರ್ಕಾರಿ ಮಾತನ್ನೂ ನಾವು ಒಪ್ಪುವುದಿಲ್ಲ. ಸುರಪುರ ಸೀಮೆಯ ಕೊಡೇಕಲ್ಲಿನಲ್ಲಿ ಕೊಡೇಕಲ್ ಬಸವಣ್ಣನ ಪರಂಪರೆ ತನ್ನ ಕಾಲಜ್ಞಾನಗಳಿಗೆ ಅಮರಗನ್ನಡ ಎಂಬ ಬೇರೆ ಲಿಪಿಯನ್ನೇ ಇಟ್ಟುಕೊಂಡಿತ್ತು. ತಿಂಥಣಿಯ ಮೌನೇಶ್ವರನ ಬಳಿ ಹಿಂದು ಮುಸಲ್ಮಾನ ಎರಡೂ ಕಡೆಯವರು ನಡೆದುಕೊಳ್ಳುತ್ತಾರೆ. ಕಡಕೋಳ ಮಡಿವಾಳಪ್ಪನ ಶಿಷ್ಯರಲ್ಲಿ ಮುಸಲ್ಮಾನರೂ ಇದ್ದರು. ಆ ತತ್ವಪದಗಳು ಇವತ್ತಿಗೂ ಏಕತಾರಿಯ ಮೇಲೆ ಊರೂರು ತಿರುಗುತ್ತವೆ. ಭಜನೆಗೆ ಕೂತು, ಕೇಳಿ, ಬಾಯಿಪಾಠ ಮಾಡಿ, ಆಮೇಲೆ ಹಾಡಿನ ವಹಿಯ ಮೇಲೆ ಬೆರಳಿಟ್ಟು ಅಕ್ಷರ ಗುರುತಿಸಿಕೊಂಡವರಿದ್ದಾರೆ. ಇದು ಸಾಲಿಯಲ್ಲವೇನು? ಶಿಕ್ಷಣದ ಅಧ್ಯಾಯಗಳಲ್ಲಿ ಇವರು ಸಿಗುವುದಿಲ್ಲ. ಇವರನ್ನು 'ಜಾನಪದ' ಎಂಬ ಬೇರೆ ಕೋಣೆಗೆ ಹಾಕಿ ಚಿಲಕ ಹಾಕಲಾಗಿದೆ.

ನಿಜವಾದ ಚರಿತ್ರೆ ಎಲ್ಲಿದೆ ಅಂದರೆ, ಹೆಡ್‌ಮಾಸ್ತರರ ಕಬ್ಬಿಣದ ಪೆಟ್ಟಿಗೆಯಲ್ಲಿದೆ. ದಾಖಲಾತಿ ರಿಜಿಸ್ಟರು. ಇದನ್ನು ಸಾಹಿತ್ಯ ಕೃತಿಯಂತೆ ಓದಬೇಕು ಎಂಬುದು ನಮ್ಮ ಸೂಚನೆ. ಹುಟ್ಟಿದ ದಿನದ ಕಾಲಂ ನೋಡಿ: ಜೂನ್ 1, ಜೂನ್ 1, ಜೂನ್ 1. ಕೇರಿಯ ಮಕ್ಕಳೆಲ್ಲ ಒಂದೇ ದಿನ ಹುಟ್ಟಿದ್ದಾರೆ. ಅವರವ್ವ ಹೇಳಿದ್ದು 'ಮುಂಗಾರಿ ಬಿತ್ತೋವಾಗ ಹುಟ್ಟ್ಯಾನ್ರಿ' ಅಂತ, ಇಲ್ಲವೇ 'ಹೊಳಿ ಬಂದ ವರ್ಷ' ಅಂತ. ಮಾಸ್ತರು ಸಾಲಿಗೆ ಸೇರುವ ವಯಸ್ಸಿನಿಂದ ಹಿಂದಕ್ಕೆ ಎಣಿಸಿ ಒಂದು ತಾರೀಕು ಹಾಕಿದರು. ಅವಳ ಲೆಕ್ಕದಲ್ಲಿ ಮಳೆ ಇತ್ತು, ಹೊಲ ಇತ್ತು, ಹೊಳೆ ಇತ್ತು. ರಿಜಿಸ್ಟರಿಗೆ ಅದು ಬೇಡವಾಯಿತು.

ಕೊನೆಗೆ ಸಾಲಿ ಬಿಟ್ಟ ಕಾರಣದ ಕಾಲಂ. ಅಲ್ಲಿ ಒಂದೇ ಮಾತು ಮತ್ತೆಮತ್ತೆ: 'ಸತತ ಗೈರುಹಾಜರಿ'. ಈ ಎರಡು ಶಬ್ದಗಳಲ್ಲಿ ಒಂದು ಇಡೀ ವ್ಯವಸ್ಥೆ ತನ್ನ ಮುಖ ಮುಚ್ಚಿಕೊಂಡಿದೆ. ಬಾರದವನು ಹುಡುಗ, ತಪ್ಪೂ ಹುಡುಗನದೇ. ಯಾರ ದನ ಕಾಯಲಿಕ್ಕೆ ಹೋದ? ಯಾರ ಸಾಲಕ್ಕೆ ಜೀತಕ್ಕೆ ನಿಂತ? ಯಾವ ಹೊಲದಾಗ ಆ ಹುಡುಗಿ ಹತ್ತಿ ಬಿಡಿಸುತ್ತಿದ್ದಳು? ಸಾಲಕ್ಕೆ ಹೆಸರಿತ್ತು, ಹೊಲಕ್ಕೆ ಸರ್ವೆ ನಂಬರಿತ್ತು. ಕಾರಣದ ಕಾಲಮ್ಮಿನಲ್ಲಿ ಅವು ಬರಲಿಲ್ಲ. ಇನ್ನೊಂದು ತಮಾಷೆ: ಹಾಜರಿ, ಗೈರುಹಾಜರಿ, ದಾಖಲೆ, ತಾಲೂಕು, ಜಿಲ್ಲೆ ಇವೆಲ್ಲ ಪಾರ್ಸಿ-ಉರ್ದುವಿನ ದಾರಿಯಲ್ಲಿ ಬಂದ ಮಾತುಗಳೇ. ಉರ್ದುವನ್ನು ಓಡಿಸಿದೆವು ಎಂದವರು ಹೊರಗಿಡಲು ಬೇಕಾದ ಶಬ್ದಗಳನ್ನು ಮಾತ್ರ ಜೋಪಾನ ಮಾಡಿಕೊಂಡರು.

ಸಾಲಿಯ ಪಂಚಾಂಗವೇ ಬೇರೆ, ಕೂಲಿಯ ಪಂಚಾಂಗವೇ ಬೇರೆ. ಸಾಲಿ ಜೂನಿನಿಂದ ಬೇಸಿಗೆಯವರೆಗೆ. ಹತ್ತಿ ಬಿಡಿಸುವುದು ದೀಪಾವಳಿಯ ಆಚೆಈಚೆ ಸುರುವಾಗಿ ಸಂಕ್ರಾಂತಿ ದಾಟುತ್ತದೆ, ಜೊತೆಗೆ ತೊಗರಿ ರಾಶಿ. ಹೊಲವಿಲ್ಲದವರು ಸುಗ್ಗಿ ಮುಗಿಯುತ್ತಲೇ ಗುಳೆ: ಬೆಂಗಳೂರು, ಮುಂಬಯಿ, ಪುಣೆ, ಹೈದರಾಬಾದು. ಹೋಗುವಾಗ ಮಕ್ಕಳನ್ನು ಯಾರ ಹತ್ತಿರ ಬಿಡಬೇಕು? ಕಟ್ಟಡ ಕೆಲಸದ ಉಸುಕಿನ ಗುಡ್ಡೆಯ ಮೇಲೆ ಅವು ಆಡುತ್ತವೆ, ಇಲ್ಲಿ ರಿಜಿಸ್ಟರಿನಲ್ಲಿ ಅವುಗಳ ಹೆಸರಿನ ಮುಂದೆ ಸೊನ್ನೆ ಬೀಳುತ್ತದೆ. 1982ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿದು ಕಾಲುವೆ ನೀರು ಬಂದಾಗ ಇನ್ನು ಸುರಪುರ-ಶಹಾಪುರದ ಬಡತನ ಹೋಯಿತು ಎಂದು ಭಾಷಣಗಳಾದವು. ನೀರು ಹೋದದ್ದು ಹೊಲ ಇದ್ದವರ ಹೊಲಕ್ಕೆ. ಬೆಳೆ ಹೆಚ್ಚಿದ ಹಾಗೆ ಸಣ್ಣ ಕೈಗಳಿಗೂ ಕರೆ ಹೆಚ್ಚಿತು. ಈ ಸಂಬಂಧವನ್ನು ನೀರಾವರಿಯ ಪುಸ್ತಕ ಶಿಕ್ಷಣಕ್ಕೆ ಬಿಡುತ್ತದೆ, ಶಿಕ್ಷಣದ ಪುಸ್ತಕ ನೀರಾವರಿಗೆ ಬಿಡುತ್ತದೆ.

2002ರಲ್ಲಿ ನಂಜುಂಡಪ್ಪ ಸಮಿತಿ ಈ ಮೂರೂ ತಾಲೂಕುಗಳನ್ನು 'ಅತ್ಯಂತ ಹಿಂದುಳಿದ' ಪಟ್ಟಿಯಲ್ಲಿ ಬರೆಯಿತು. ಪಟ್ಟಿಯಿಂದ ಉಪಯೋಗವಾಗಿದೆ, ಅದರ ಮೇಲೆ ನಿಂತೇ ಮುಂದೆ 371(ಜೆ) ಕೇಳಲಿಕ್ಕೆ ಬಲ ಬಂತು. ಆದರೆ ಆ ಶಬ್ದವನ್ನು ಸ್ವಲ್ಪ ತಿರುವಿ ನೋಡಿ. ತಾಲೂಕು ಹಿಂದುಳಿದಿದೆ ಎಂದಾಗ ಅದರೊಳಗಿನ ಗೌಡನೂ ಹಿಂದುಳಿದ, ಅವನ ಹೊಲದ ಆಳೂ ಹಿಂದುಳಿದ. ಇಬ್ಬರೂ ಒಂದೇ ಪಂಕ್ತಿ. ನಮ್ಮ ಹಿಂದುಳಿದಿಕೆಯ ಹೆಸರಿನಲ್ಲಿ ಬಂದ ಕಾಲೇಜು ಸೀಟಿಗೆ ಮೊದಲು ಕೈ ಹಾಕುವವರು ಯಾರು ಎಂಬುದನ್ನು ಹಳ್ಳಿಯ ಯಾರನ್ನು ಕೇಳಿದರೂ ಹೇಳುತ್ತಾರೆ. ಸಮಿತಿಗಳ ಭಾಷೆಯಲ್ಲಿ ಜಾತಿ ಕರಗಿ ಭೂಗೋಳವಾಗುತ್ತದೆ.

ಯಾದಗಿರಿ 2010ರ ಹೊತ್ತಿಗೆ ರಾಜ್ಯದ ಮೂವತ್ತನೇ ಜಿಲ್ಲೆಯಾಗಿ ಕೆಲಸ ಸುರು ಮಾಡಿತು. ಆ ವರ್ಷದ ಏಪ್ರಿಲ್ 1ರಂದೇ ಕಡ್ಡಾಯ ಶಿಕ್ಷಣದ ಕಾಯ್ದೆಯೂ ಜಾರಿಗೆ ಬಂತು. 2011ರ ಜನಗಣತಿಯಲ್ಲಿ ಹೊಸ ಜಿಲ್ಲೆಯ ಸಾಕ್ಷರತೆ 51.83, ರಾಜ್ಯದ್ದು 75.36, ಮೂವತ್ತೂ ಜಿಲ್ಲೆಗಳಲ್ಲಿ ಕೊನೆಯದು ನಮ್ಮದು. ಹೆಂಗಸರಲ್ಲಿ ಓದು ಬಲ್ಲವರು ನೂರಕ್ಕೆ 41. ಜಿಲ್ಲೆಯ ಜನದಲ್ಲಿ ಪರಿಶಿಷ್ಟ ಜಾತಿಯವರು ನೂರಕ್ಕೆ 23, ಪಂಗಡದವರು 12. ಈ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಓದದ ಯಾವ ಚರಿತ್ರೆಯೂ ನಮಗೆ ಬೇಕಾಗಿಲ್ಲ. 2002ರಲ್ಲಿ ಬಿಸಿಯೂಟ ಮೊದಲು ಬಂದ ಜಿಲ್ಲೆಗಳಲ್ಲಿ ಗುಲ್ಬರ್ಗಾವೂ ಒಂದು. ಸಾಲಿಗೆ ಬರಲು ಮಕ್ಕಳಿಗೆ ಅದಕ್ಕಿಂತ ಗಟ್ಟಿಯಾದ ಕಾರಣವನ್ನು ಯಾವ ಸರ್ಕಾರವೂ ಕೊಟ್ಟಿಲ್ಲ. ಅಡುಗೆಯಾಕಿ ಯಾವ ಜಾತಿಯಾಕಿ ಎಂಬ ಜಗಳ ನಾಡಿನಲ್ಲಿ ಎಷ್ಟು ಕಡೆ ಎದ್ದಿದೆ ಎಂಬುದನ್ನು ಸಂಚಿಕೆಗಳು ಬರೆಯಲಿ.

ಮುಂದೆ ಯಾವ ಸಾಲಿಯಾದರೂ ಶತಮಾನೋತ್ಸವ ಮಾಡುವುದಿದ್ದರೆ ಸಂಪಾದಕ ಮಂಡಳಿಗೆ ನಮ್ಮದೊಂದು ಕೇಳಿಕೆ. ದಾನಿಗಳ ಫೋಟೊ ಹಾಕಿರಿ, ಬೇಡ ಅನ್ನುವುದಿಲ್ಲ. ಅದರ ಮುಂದಿನ ಪುಟದಲ್ಲಿ ಆ ಸಾಲಿಗೆ ಕೇರಿಯಿಂದ ಮೊದಲ ಹುಡುಗ ಯಾವ ವರ್ಷ ಬಂದ, ಮೊದಲ ಹುಡುಗಿ ಯಾವ ವರ್ಷ ಬಂದಳು, ಎಲ್ಲಿ ಕೂತರು, ನೀರು ಎಲ್ಲಿ ಕುಡಿದರು, ಎಷ್ಟನೇ ಇಯತ್ತೆಯಲ್ಲಿ ಬಿಟ್ಟರು ಎಂದು ರಿಜಿಸ್ಟರು ನೋಡಿ ಬರೆಯಿರಿ. ರಿಜಿಸ್ಟರಿನಲ್ಲಿ ಇಲ್ಲದ್ದನ್ನು ಕೇರಿಗೆ ಹೋಗಿ ಕೇಳಿ. 'ಸತತ ಗೈರುಹಾಜರಿ' ಅಂತ ಬರೆಸಿಕೊಂಡವರಲ್ಲಿ ಎಷ್ಟೋ ಮಂದಿ ಇನ್ನೂ ಬದುಕಿದ್ದಾರೆ.