ಬಾವಿಯೊಳಗಿನ ತಾಯಿ: ಒಂದು ವರದಿಯ ಓದು

ಪಂಡಿತ ಸುಂದರಲಾಲರ ಸಮಿತಿಯು 1948ರ ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ ಹೈದರಾಬಾದ್ ಸಂಸ್ಥಾನವನ್ನು ಸುತ್ತಿ ಸಿದ್ಧಪಡಿಸಿದ ವರದಿ ದೀರ್ಘಕಾಲ ಸರ್ಕಾರದ ಕಪಾಟಿನಲ್ಲೇ ಉಳಿದಿತ್ತು. ಕೆಲವು ಭಾಗಗಳು ಮೊದಲೇ ಅಚ್ಚಾಗಿದ್ದರೂ, ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದು ಸಾರ್ವಜನಿಕರ ಓದಿಗೆ ದೊರೆತದ್ದು 2013ರ ಸುಮಾರಿಗೆ. ಪೋಲೀಸ್ ಕಾರ್ಯಾಚರಣೆಯ ವೇಳೆ ಹಾಗೂ ಅನಂತರ 27ರಿಂದ 40 ಸಾವಿರ ಜನ ಸತ್ತರೆಂದೂ, ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರ್ ಒಂದೆಂದೂ ಅದು ಅಂದಾಜಿಸುತ್ತದೆ. ಅಂದಿನ ಬೀದರ್ ಜಿಲ್ಲೆ ದೊಡ್ಡದು. 1956ರಲ್ಲಿ ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ತಾಲ್ಲೂಕುಗಳು ಕನ್ನಡ ನಾಡಿಗೆ ಬಂದವು. ಉದಗೀರ, ನಿಲಂಗಾ ಮರಾಠಿ ಸೀಮೆಗೆ ಸೇರಿದವು.

ವರದಿಯ ಒಂದು ವಾಕ್ಯವನ್ನು ದಾಟಿ ಮುಂದೆ ಓದುವುದು ಕಷ್ಟ. ಸಮಿತಿಯವರು ಕಂಡ ಬಾವಿಯೊಂದರಲ್ಲಿ ಹನ್ನೊಂದು ಶವಗಳಿದ್ದವು; ಅವುಗಳಲ್ಲಿ ಒಂದು ಸ್ತ್ರೀಯದು, ಆಕೆಯ ಎದೆಗೆ ಎಳೆಗೂಸು ಅಂಟಿಕೊಂಡೇ ಇತ್ತು. ಆಕೆಯ ಹೆಸರಿಲ್ಲ. ಇಷ್ಟನ್ನಾದರೂ ಬರೆದಿಟ್ಟದ್ದಕ್ಕೆ ಆ ಲೇಖಕರನ್ನು ಗೌರವಿಸಬೇಕು. ಆದರೆ ವರದಿಯಲ್ಲಿ ಸತ್ತವರ ಲೆಕ್ಕವಿದೆ, ಬದುಕುಳಿದ ಬಸುರಿ ಬಾಣಂತಿಯರ ಲೆಕ್ಕವಿಲ್ಲ.

ಈ ಕೊರತೆ ವರದಿಯೊಂದರದೇ ಅಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ರಜಾಕಾರರು ಗೋರ್ಟಾದಲ್ಲಿ ನಡೆಸಿದ ಹತ್ಯಾಕಾಂಡವನ್ನು ನಾವು ಮರೆತಿಲ್ಲ. 2023ರಲ್ಲಿ ಅಲ್ಲಿ ಸ್ಮಾರಕವೂ ಉದ್ಘಾಟನೆಯಾಯಿತು. ಮೊದಲು ನೊಂದವರು ಹಿಂದೂಗಳು, ಅನಂತರ ಮುಸ್ಲಿಮರು. ಎರಡೂ ಕಡೆಯ ನೆನಪುಗಳಲ್ಲಿ ಹೆಣ್ಣಿನ ವಿಷಯಕ್ಕೆ ಬಂದಾಗ ಉಳಿಯುವುದು ಒಂದೇ ಶಬ್ದ: ಮಾನ. ಸೆಪ್ಟೆಂಬರ್ 17ರ ಭಾಷಣಗಳಲ್ಲಿ ಅದು ಸಲೀಸಾಗಿ ಬರುತ್ತದೆ. ಗಾಯ, ರಕ್ತಸ್ರಾವ, ಗರ್ಭಪಾತ, ಬೇಡದ ಬಸಿರು, ಬತ್ತಿದ ಮೊಲೆಹಾಲು, ಎಲ್ಲವನ್ನೂ ಈ ಎರಡಕ್ಷರ ಮುಚ್ಚಿಬಿಡುತ್ತದೆ. ಬಾವಿಗೆ ಹಾರಿದವಳು ಮಾನ ಉಳಿಸಿಕೊಂಡಳೆಂದರೆ, ಹಾರದೆ ಬದುಕಿದವಳ ಬಗ್ಗೆ ಏನು ಹೇಳಿದಂತಾಯಿತು? ಕ್ರಿ.ಶ. 410ರಲ್ಲಿ ರೋಮ್ ಸೂರೆಹೋದಾಗ ಸಂತ ಅಗಸ್ಟೀನರಿಗೆ ಇದೇ ಪ್ರಶ್ನೆ ಎದುರಾಯಿತು. ಬಲಾತ್ಕಾರಕ್ಕೊಳಗಾದವಳ ಪಾವಿತ್ರ್ಯ ಕಿಂಚಿತ್ತೂ ಕೆಡದು, ಪಾಪ ಮಾಡಿದವನದೇ. ಆಕೆ ಪ್ರಾಣ ಕಳೆದುಕೊಳ್ಳಬೇಕಾಗಿಲ್ಲ ಎಂದು ಅವರು ತಮ್ಮ ‘ದೇವನಗರ’ ಗ್ರಂಥದ ಮೊದಲ ಭಾಗದಲ್ಲೇ ವಾದಿಸಿದರು. ಗುರುಮಠಗಳಲ್ಲಿ ಓದಿಸುವ ಈ ಪುಟಗಳು ಪ್ರಬೋಧನೆಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ.

ಇನ್ನು ಶರೀರದ ಮಾತು. 1941ರಿಂದ 1944ರವರೆಗೆ ಮುತ್ತಿಗೆಗೆ ಸಿಕ್ಕ ಲೆನಿನ್‌ಗ್ರಾಡಿನಲ್ಲಿ ವೈದ್ಯ ಆಂಟೊನೊವ್ ಹೆರಿಗೆಗಳ ವಿವರ ಬರೆದಿಟ್ಟು, 1947ರಲ್ಲಿ ಪ್ರಕಟಿಸಿದರು. 1942ರಲ್ಲಿ ಅಲ್ಲಿ ಹುಟ್ಟಿದ ಶಿಶುಗಳ ಸರಾಸರಿ ತೂಕ ಅರ್ಧ ಕಿಲೋಗೂ ಹೆಚ್ಚು ಇಳಿದಿತ್ತು. ಎಷ್ಟೋ ಸ್ತ್ರೀಯರಿಗೆ ಮುಟ್ಟೇ ನಿಂತುಹೋಗಿತ್ತು. ಹಸಿವು ಮತ್ತು ಭಯ ಗರ್ಭಕ್ಕೆ ಏನು ಮಾಡುತ್ತವೆಂಬುದು 1948ರ ಹೊತ್ತಿಗೆ ವೈದ್ಯಲೋಕಕ್ಕೆ ತಿಳಿದಿತ್ತು. ಔರಾದ್, ಭಾಲ್ಕಿಗಳ ಹಳ್ಳಿ ಖಾಲಿಯಾದರೆ ಸೂಲಗಿತ್ತಿಯೂ ಓಡಬೇಕು. ಬಿಸಿನೀರಿಲ್ಲ, ಬೆಂಕಿಯಿಲ್ಲ, ಬಾಣಂತಿಗೆ ಮೂಲೆಯಿಲ್ಲ; ಮೇಲೆ ಸೆಪ್ಟೆಂಬರಿನ ಮಳೆ. ಬಸುರಿಯರಿಗೂ ಹಾಲೂಡಿಸುವವರಿಗೂ ಬರುವ ದುರ್ಗತಿಗಾಗಿ ಮರುಗಿದ ಪ್ರಭು ಯೇಸು, ಪಲಾಯನವು ಚಳಿಗಾಲದಲ್ಲಿ ಆಗದಿರಲೆಂದು ಪ್ರಾರ್ಥಿಸಲು ಹೇಳಿದ್ದು ಮತ್ತಾಯನ ಶುಭಸಂದೇಶದ 24ನೆಯ ಅಧ್ಯಾಯದಲ್ಲಿದೆ. ಹವಾಮಾನವನ್ನೂ ಗಮನಿಸಿದ ಮಾತದು.

2023ರ ಅಕ್ಟೋಬರಿನಲ್ಲಿ ಗಾಜಾ ಯುದ್ಧ ಆರಂಭವಾದಾಗ ಅಲ್ಲಿ ಸುಮಾರು 50 ಸಾವಿರ ಗರ್ಭಿಣಿಯರಿದ್ದಾರೆಂದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ ಕೂಡಲೇ ಹೇಳಿತು. ಎಣಿಕೆಯಿಂದ ಬಾಂಬು ನಿಲ್ಲಲಿಲ್ಲ, ಅದು ಬೇರೆ ಮಾತು. ನಮ್ಮಲ್ಲಿ ಎಣಿಸಿದವರೇ ಇರಲಿಲ್ಲ.

ಅಪಹೃತ ಸ್ತ್ರೀಯರನ್ನು ಹುಡುಕಿ ಮರಳಿಸಲು 1949ರಲ್ಲಿ ಕೇಂದ್ರ ಕಾನೂನು ಬಂತು. ಅವರಿಗೆ ಹುಟ್ಟಿದ ಮಕ್ಕಳೂ ಅದರ ವ್ಯಾಪ್ತಿಯಲ್ಲಿದ್ದರು. ಅದು ಪೂರ್ವ ಪಂಜಾಬ್, ದೆಹಲಿ, ಸಂಯುಕ್ತ ಪ್ರಾಂತ, ರಾಜಸ್ಥಾನಗಳಿಗೆ ಅನ್ವಯಿಸಿತು, ಹೈದರಾಬಾದಿಗೆ ಅನ್ವಯಿಸಲಿಲ್ಲ. ಸಂಸ್ಥಾನದ ಸ್ತ್ರೀಯರನ್ನು ಸೊಲ್ಲಾಪುರ, ನಾಗಪುರಗಳವರೆಗೂ ಒಯ್ದರೆಂದು ಸುಂದರಲಾಲರ ವರದಿಯೇ ಹೇಳುತ್ತದೆ. ಅವರು ಹೆತ್ತಿರಬಹುದಾದ ಮಕ್ಕಳಿಗೆ ಈಗ ಎಪ್ಪತ್ತೈದು ದಾಟಿದ ಪ್ರಾಯ.